ಏಳನೆಯ ಮಡಿಯ ತೇವ

ಗೋಧಿಯನ್ನು ಬಲ್ಲವರು ಬೇಕಾದಷ್ಟು ಜನ ಇರುವಾಗ ಇದನ್ನು ಹೇಳಹೊರಟದ್ದೇ ಉದ್ಧಟತನ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಬೇಕು.

ಗೋಧಿ ತಳಿಗಳನ್ನು ಪರೀಕ್ಷಿಸುವ ಹೊಲದಲ್ಲಿ ಒಬ್ಬ ಹೆಂಗಸಿದ್ದಳು. ನೀರು ಬಿಡುವುದು ಅವಳ ಕೆಲಸ. ಹನ್ನೆರಡು ತಳಿ, ಹನ್ನೆರಡು ಮಡಿ. ಬಿತ್ತಿದ ಇಪ್ಪತ್ತೊಂದನೆಯ ದಿನ ಒಂದು ನೀರು. ಆಮೇಲೆ ಕೊಯ್ಲಿನವರೆಗೂ ತೊಟ್ಟೂ ಇಲ್ಲ. ಅಷ್ಟರಲ್ಲೇ ಯಾವುದು ಚೆನ್ನಾಗಿ ಕಾಳು ಕಟ್ಟುತ್ತದೆ ಎಂದು ನೋಡುವುದೇ ಪರೀಕ್ಷೆ.

ತೆನೆ ಹೊರಡುವ ಕಾಲದ ಒಂದು ಮಧ್ಯಾಹ್ನ ಅವಳು ಆಚೆಯ ಹೊಲಕ್ಕೆ ನೀರು ತಿರುಗಿಸಿ ಬದುವಿನ ಮೇಲೆ ಕೂತಳು. ಯಾರೋ ಮಗುವನ್ನು ತಟ್ಟಿ ಮಲಗಿಸುವ ಹಾಗೆ ಪೈರು ಗಾಳಿಗೆ ಸರಬರ ಎನ್ನುತ್ತಿತ್ತು. ರೆಪ್ಪೆ ಕೂಡಿತು. ಕನಸಿನಲ್ಲಿ ಬೇರುಗಳೆಲ್ಲ ಬಾಯಿ ತೆರೆದು ಸಣ್ಣಗೆ ಗುಟುಕರಿಸುತ್ತಿದ್ದವು. ಕಣ್ಣು ಬಿಟ್ಟಾಗ ಬದುವಿನ ಇಲಿಬಿಲವೊಂದು ಒದ್ದೆಯಾಗಿ ಹೊಳೆಯುತ್ತಿತ್ತು. ಏಳನೆಯ ಮಡಿಯ ಅಂಚಿನಲ್ಲಿ ಅಂಗೈ ಅಗಲದ ತೇವ. ಹೆಂಟೆ ಒತ್ತಿ ಬಿಲ ಮುಚ್ಚಿದಳು. ತೇವ ನೋಡನೋಡುತ್ತಲೇ ಆರಿತು. ಇದೇನು ಹೇಳುವಂಥದ್ದು ಎಂದು ತುಟಿ ಬಿಚ್ಚಲಿಲ್ಲ.

ಕೊಯ್ಲಿನಲ್ಲಿ ಏಳನೆಯದೇ ಎಲ್ಲವನ್ನೂ ಮೀರಿಸಿತು. ಅವಳ ತಮ್ಮನ ಹೊಲ ಕಾಲುವೆಯ ತುತ್ತತುದಿಯಲ್ಲಿತ್ತು. ಅಲ್ಲಿಗೆ ನೀರು ಬರುವುದು ಹಂಗಾಮಿಗೆ ಒಂದೇ ಸಲ. ಸುದ್ದಿ ಕೇಳಿ ಅವನು ಚೀಲ ಹಿಡಿದು ಬಂದ. ಇಡೀ ಹೊಲಕ್ಕೆ ಏಳನೆಯದನ್ನೇ ಬಿತ್ತುತ್ತೇನೆಂದು ಹಿಗ್ಗಿದ. ಅವಳಿಗೆ ಅಂಗೈ ಅಗಲದ ಆ ತೇವ ನೆನಪಾಯಿತು. ಅವನನ್ನು ಬಾಗಿಲಲ್ಲೇ ನಿಲ್ಲಿಸಿ, ಪರೀಕ್ಷೆ ನಡೆಸುವ ಮೇಡಂ ಕಾಳು ತೂಗುತ್ತಿದ್ದ ಕೋಣೆಗೆ ಹೋದಳು.

"ಮೇಡಂ, ಏಳಕ್ಕೆ ಎರಡನೇ ನೀರು ಹೋಗಿರಬಹುದು. ನಾನು ನಿದ್ದೆ ಮಾಡ್ಬಿಟ್ಟಿದ್ದೆ."

ಮೇಡಂ ಕನ್ನಡಕ ತೆಗೆದರು. "ಎಷ್ಟು ಹೋಯ್ತು?"

"ಕನಸಲ್ಲಿ ತುಂಬ. ಎದ್ದಾಗ ಅಂಗೈಯಷ್ಟು."

ಮೇಡಂ ನಗಲಿಲ್ಲ, ಬೈಯಲೂ ಇಲ್ಲ. ಪಟ್ಟಿಯಲ್ಲಿ ಏಳರ ಮೇಲೆ ಗೀಟೆಳೆದು, ಬರುವ ವರ್ಷ ಮತ್ತೆ ಬಿತ್ತೋಣ ಎಂದರು.

ಬಾಗಿಲಲ್ಲಿದ್ದ ತಮ್ಮನಿಗೆ ಎಲ್ಲವೂ ಕೇಳಿಸಿತ್ತು. "ನಿನ್ನ ನಿದ್ದೆ ನನ್ನ ಬೀಜ ನುಂಗ್ತಲ್ಲೇ ಅಕ್ಕ," ಎಂದು ಮುಖ ಊದಿಸಿಕೊಂಡು ಹೊರಟವನು ಗೇಟಿನವರೆಗೆ ಹೋಗಿ ತಿರುಗಿ ಬಂದ. ಏಳರ ನಂತರ ಹೆಚ್ಚು ತೂಗಿದ್ದು ಮೂರನೆಯದಂತೆ, ಅದನ್ನಾದರೂ ಕೊಡಿಸು ಎಂದ.

"ಅದರ ಪಕ್ಕ ಮಲಗಿಲ್ಲ ತಾನೆ?"

"ಇಲ್ಲ ಕಣೋ."

ಮರುವರ್ಷ ಏಳನೆಯದು ತೂಕದಲ್ಲಿ ನಡುವಿನಲ್ಲೆಲ್ಲೋ ನಿಂತಿತು. ಆದರೆ ಆ ವರ್ಷದ ಬಿಸಿಲೇ ಬೇರೆ ಇತ್ತು. ಹಾಗಾಗಿ ಅವಳು ಅಂದು ಎಷ್ಟು ಹೊತ್ತು ಮಲಗಿದ್ದಳು, ಮಣ್ಣಿನೊಳಗೆ ಎಷ್ಟು ನೀರು ಇಳಿಯಿತು, ಏಳನೆಯದು ನಿಜಕ್ಕೂ ಒಳ್ಳೆಯ ತಳಿಯೇ, ಇದೊಂದೂ ಗೊತ್ತಿಲ್ಲ.