ಯಾರೂ ಮಲಗದ ಮಂಚ

ನಾನು ಒಂದು ಮಡಚುವ ಮಂಚ. ಹುಟ್ಟಿದ್ದು ಮೈಸೂರಿನ ಒಂದು ವೆಲ್ಡಿಂಗ್ ಅಂಗಡಿಯಲ್ಲಿ. ನೈಲಾನ್ ಪಟ್ಟಿ ಬಿಗಿದ ಮೇಸ್ತ್ರಿ, "ಇಬ್ಬರು ಕುಣಿದ್ರೂ ಏನೂ ಆಗಲ್ಲ" ಎಂದು ಬೆನ್ನು ತಟ್ಟಿದ. ನನ್ನನ್ನು ಕೊಂಡ ಸುಗುಣ ಮತ್ತು ಫ್ಲೋರಿ ಮೇಲೆ ಕೂತೂ ನೋಡಲಿಲ್ಲ. ಆಗಲೇ ನನಗೆ ಅನುಮಾನ ಬರಬೇಕಿತ್ತು.

ಅವರಿಬ್ಬರದು ಹನ್ನೆರಡು ವರ್ಷದ ಸಂಸಾರ. ನಾಲ್ಕು ವರ್ಷದ ನೇಸರಳನ್ನು ದತ್ತು ತಂದಾಗ ಕಾಗದದಲ್ಲಿ ತಾಯಿಯೆಂದು ಬರೆದದ್ದು ಸುಗುಣಳ ಹೆಸರೊಂದೇ. ಇಬ್ಬರು ಹೆಂಗಸರಿಗೆ ಒಟ್ಟಿಗೆ ಮಗು ಕೊಡುವ ಕಾನೂನಿರಲಿಲ್ಲ. ಎರಡು ವರ್ಷ ಕಾಲ ಆರು ತಿಂಗಳಿಗೊಮ್ಮೆ ಮಗುವನ್ನು ನೋಡಲು ಬರುವ ದತ್ತು ಸಂಸ್ಥೆಯ ಪಾರ್ವತಮ್ಮನವರಿಗೆ ಫ್ಲೋರಿ ಬರೀ ಗೆಳತಿ, ಹಾಲ್‌ನಲ್ಲಿ ಮಲಗುವವಳು. ಅದಕ್ಕೆ ಸಾಕ್ಷಿ ನಾನು. ಅವರು ಬರುವ ದಿನ ನನ್ನನ್ನು ಬಿಡಿಸಿ, ಹೊದಿಕೆ ಸುಕ್ಕು ಮಾಡಿ, ತಲೆಯಿಟ್ಟ ಗುರುತು ಕಾಣಲೆಂದು ದಿಂಬಿಗೆ ಒಂದು ಗುದ್ದು. ಹೋದ ಮೇಲೆ ನಾನು ಬಾಗಿಲ ಹಿಂದಕ್ಕೆ. ಸುಳ್ಳು ಹೇಳಲು ನಾಲಿಗೆ ಬೇಕಿಲ್ಲ, ನಾಲ್ಕು ಕಾಲು ಸಾಕು.

ಮೂರು ಸಲ ಹೀಗಾಯಿತು. ಆಮೇಲೊಂದು ಸಂಜೆ ನೇಸರಳ ಸಹಪಾಠಿ ತಾಯಿಯೊಡನೆ ಬಂದಳು. ಕರೆಗಂಟೆ ಕೇಳಿದ್ದೇ ನೇಸರ ಓಡಿಬಂದು ನನ್ನನ್ನು ಎಳೆದು ಬಿಡಿಸತೊಡಗಿದಳು. ನನ್ನ ಕೀಲಿನಲ್ಲಿ ಅವಳ ಬೆರಳು ಸಿಕ್ಕಿತು. ಅಳಲಿಲ್ಲ. ಇನ್ನೊಂದು ಕೈಯಿಂದ ದಿಂಬಿಗೆ ಗುದ್ದುತ್ತಿದ್ದಳು.

"ಅಯ್ಯೋ, ರಕ್ತ ಕಣೇ!" ಫ್ಲೋರಿ ಚಕ್ಕುಲಿ ಹಿಟ್ಟಿನ ಕೈಯಲ್ಲೇ ಬಂದಳು.

"ತಡಿ ಮಮ್ಮಿ, ದಿಂಬು ಇನ್ನೂ ಉಬ್ಬಿದೆ. ಅವ್ರು ಒಳಗೆ ಬಂದ್ಮೇಲೆ ನೀನು ಆಂಟಿ, ಆಯ್ತಾ?"

"ಯಾರೇ ಹೇಳ್ಕೊಟ್ಟಿದ್ದು ನಿಂಗೆ?" ಎಂದಳು ಸುಗುಣ.

"ನೀವೇ ಮಾಡ್ತೀರಲ್ಲ."

ಇಬ್ಬರೂ ನನ್ನನ್ನು ನೋಡಿದರು. ನನಗೆ ಮಡಚಿಕೊಳ್ಳಬೇಕೆನಿಸಿತು, ಅದಕ್ಕೂ ಬೇರೆಯವರ ಕೈ ಬೇಕು.

ಕೊನೆಯ ಭೇಟಿಗೆ ನನ್ನನ್ನು ಬಿಡಿಸಲಿಲ್ಲ. ಮಗುವನ್ನು ವಾಪಸ್ ಕೇಳಿಬಿಟ್ಟರೆ ಎಂಬ ಯೋಚನೆಯಲ್ಲಿ ಸುಗುಣ ಕಾಫಿಗೆ ಎರಡು ಸಲ ಸಕ್ಕರೆ ಹಾಕಿದಳು.

"ಇಲ್ಲೊಂದು ಮಂಚ ಇತ್ತಲ್ವಾ?" ಎಂದರು ಪಾರ್ವತಮ್ಮ.

"ನಾನು ಅದ್ರ ಮೇಲೆ ಯಾವತ್ತೂ ಮಲಗಿಲ್ಲ ಮೇಡಂ," ಎಂದಳು ಫ್ಲೋರಿ.

"ಗೊತ್ತಮ್ಮ. ಮಲಗಿದ್ರೆ ಪಟ್ಟಿ ಇಷ್ಟೊತ್ತಿಗೆ ಜೋಲ್ತಿತ್ತು." ಅವರು ನೇಸರಳ ಬೆರಳು ಹಿಡಿದರು. "ಇದೇನು ಮರಿ, ಗಾಯ?"

ನೇಸರ ಇಬ್ಬರು ಅಮ್ಮಂದಿರ ಮುಖ ನೋಡಿ, ಕೈ ಬೆನ್ನ ಹಿಂದೆ ಬಚ್ಚಿಟ್ಟುಕೊಂಡಳು. ಪಾರ್ವತಮ್ಮ ಫೈಲು ತೆರೆದು, "ಮಗು ಚೆನ್ನಾಗಿದೆ" ಎಂದು ಬರೆದುಕೊಂಡು ಹೋದರು.

ನನ್ನ ಸುಳ್ಳು ತಲುಪಬೇಕಾದವರನ್ನು ತಲುಪಲೇ ಇಲ್ಲ. ತಲುಪಿದ್ದು ಮಗುವನ್ನು.

ಈಗ ನಾನು ತಾರಸಿಯಲ್ಲಿದ್ದೇನೆ, ತುಕ್ಕು ಹಿಡಿದು, ಮೈಮೇಲೆ ಸಂಡಿಗೆ ಹೊತ್ತು. ನೇಸರಳಿಗೆ ಹನ್ನೆರಡು. "ನಮ್ಮಮ್ಮಂದಿರು ಮಾಡಿದ್ದು, ತಿನ್ರೇ" ಎಂದು ಗೆಳತಿಯರಿಗೆ ಹಸಿ ಸಂಡಿಗೆ ಕಿತ್ತು ಕೊಡುತ್ತಾಳೆ. ಆದರೂ ಮೆಟ್ಟಿಲ ಮೇಲೆ ಗೊತ್ತಿಲ್ಲದ ಹೆಜ್ಜೆ ಕೇಳಿದರೆ ಅವಳ ಕಣ್ಣು ಇಂದಿಗೂ ಒಮ್ಮೆ ನನ್ನತ್ತ ಹೊರಳುತ್ತದೆ. ಆಗ ಸಂಡಿಗೆ ಹಾಕಿದ ಬಟ್ಟೆ ನನ್ನನ್ನು ಪೂರ್ತಿ ಮುಚ್ಚುವಷ್ಟು ಅಗಲವಾಗಿರಬಾರದಿತ್ತೇ ಅನಿಸುತ್ತದೆ ನನಗೆ.