ದುರ್ಬೀನು ಮನೆ ನೋಡಿದ್ದು

…ಹಸಿರು, ಹಸಿರಿನ ಕೆಳಗೆ ನೀಲಿ, ನೀಲಿಯ ಕೆಳಗೆ ಮತ್ತೆ ಹಸಿರು, ಅದರ ಕೆಳಗೆ ಬರೀ ಮರ — ಬಾಗಿಲ ಚೌಕಟ್ಟನ್ನು ಉಗುರಿನಿಂದ ಕೆರೆದರೆ ಇಷ್ಟೆಲ್ಲ ಬರುತ್ತದೆ, ಯಾರೂ ನೋಡುತ್ತಿಲ್ಲ, ಇನ್ನೊಂದು ಚೂರು ಕೆರೆದಳು, ಈ ಊರಿನ ಚರಿತ್ರೆ ಬರೆಯಲು ಪಂಡಿತರು ಯಾಕೆ ಬೇಕು, ಒಂದು ಬಾಗಿಲೂ ಒಂದು ಉಗುರೂ ಸಾಕು, ಬಟ್ಟೆಯ ಗಿರಣಿ ಓಡುತ್ತಿದ್ದಾಗ ಎರಡು ವರ್ಷಕ್ಕೊಮ್ಮೆ ಬಣ್ಣ, ಗಿರಣಿ ಮುಚ್ಚಿದ ಮೇಲೆ ಒಂಬತ್ತು ವರ್ಷ ಧೂಳು, ಈಗ ಮೂರು ಶೆಡ್ಡುಗಳಲ್ಲಿ ಒಂದನ್ನು ಹೊಸ ಕಂಪನಿ ತೆರೆದದ್ದೇ ತಡ ಎಲ್ಲದರ ಮೇಲೆ ಹೊಸದೊಂದು ಪದರ, ಇನ್ನೂ ಅಂಟಂಟು, ಬೆರಳಿಗೆ ಹತ್ತಿಕೊಂಡಿತು, ಬೆರಳನ್ನು ಚೀಲದ ಒಳಮೈಗೆ ಒರೆಸಿಕೊಂಡಳು. ಬೀದಿಯೇ ಹೀಗಾಗಿದೆ, ಒಂಬತ್ತು ವರ್ಷ ಮಲಗಿದ್ದವರು ಎದ್ದು ಗಡಿಬಿಡಿಯಲ್ಲಿ ಮುಖ ತೊಳೆದುಕೊಂಡ ಹಾಗೆ, ಕ್ಷೌರದಂಗಡಿಗೆ ಕನ್ನಡಿ ಬಂದಿದೆ, ಔಷಧಿ ಅಂಗಡಿಯವನು ಮತ್ತೆ ಸಿಡುಕಲು ಶುರುಮಾಡಿದ್ದಾನೆ, ಅಂದರೆ ವ್ಯಾಪಾರ ಚೆನ್ನಾಗಿದೆ, ಬಸ್ಸು ಕೂಡ ಈಗ ಇಲ್ಲಿ ನಿಲ್ಲುತ್ತದೆ, ಮೊದಲು ನಿಧಾನ ಮಾಡುತ್ತಿತ್ತು ಅಷ್ಟೆ, ಇಳಿಯುವವರು ಹಾರಿಕೊಳ್ಳಬೇಕಿತ್ತು.

ಮನೆ ನೋಡುವುದರಲ್ಲಿ ಅವಳನ್ನು ಮೀರಿಸುವವರು ಮೂರು ಲೋಕದಲ್ಲೂ ಇಲ್ಲ, ಹದಿನಾರು ವರ್ಷದಲ್ಲಿ ಹನ್ನೊಂದು ಬಾಡಿಗೆ ಮನೆ — ಹನ್ನೊಂದು ಅಂದರೆ ಕೇಳುವವರಿಗೆ ಗತ್ತು ಸಾಲದು, ಅದಕ್ಕೇ ಅವಳು ನೂರೆಂಟು ಅನ್ನುತ್ತಾಳೆ — ಒಂದು ಮನೆ ಎಷ್ಟು ಇಕ್ಕಟ್ಟೆಂದರೆ ಒಬ್ಬರು ಆಕಳಿಸಬೇಕಾದರೆ ಇನ್ನೊಬ್ಬರು ಹೊರಗೆ ಹೋಗಬೇಕಿತ್ತು, ಇನ್ನೊಂದು ಎಷ್ಟು ಸೋರುತ್ತಿತ್ತೆಂದರೆ ಆಕಾಶವೇ ಒಳಗೆ ಬಂದು ನಿಂತಿರುತ್ತಿತ್ತು, ಮತ್ತೆ ಎಲ್ಲ ಮನೆಗಳ ಎಲ್ಲ ಮಾಲೀಕರದ್ದೂ ಒಂದೇ ಮಾತು, ಗೋಡೆಗೆ ಮೊಳೆ ಹೊಡೀಬೇಡಿ, ನೀವು ಹೇಗಿದ್ರೂ ಪರವಾಗಿಲ್ಲ, ಮೊಳೆ ಮಾತ್ರ ಹೊಡೀಬೇಡಿ. ಹದಿನಾರು ವರ್ಷದಿಂದ ಮದುವೆಯ ಫೋಟೋ ನೆಲದ ಮೇಲೆ ಗೋಡೆಗೊರಗಿ ನಿಂತಿದೆ, ಮಗಳು ಅಪ್ಪ ಅಮ್ಮನ ಮದುವೆಯನ್ನು ತಲೆಯೆತ್ತಿ ನೋಡಿದ್ದೇ ಇಲ್ಲ, ಬಗ್ಗಿ ನೋಡುತ್ತಾಳೆ. ಈ ಸಲ ಬಾಡಿಗೆಗಲ್ಲ, ಕೊಳ್ಳುವುದಕ್ಕೆ, ಈ ನಡುಮನೆಯ ಗೋಡೆ, ಹೌದು, ಇಲ್ಲೇ, ಕಿಟಕಿಯ ಪಕ್ಕ, ಒಂದು ಮೊಳೆ, ಒಂದೇ ಯಾಕೆ, ನಲವತ್ತು, ಫೋಟೋಗೆ ಒಂದು, ಉಳಿದ ಮೂವತ್ತೊಂಬತ್ತು ಸುಮ್ಮನೆ, ಹೊಡೆಯುವ ಸುಖಕ್ಕೆ — ಮೇಲಿನಿಂದ ಗಂಡ ಕೂಗುತ್ತಿದ್ದಾನೆ, ಅವನು ವೈರ್‌ಮನ್, ಮನೆ ಅಂದರೆ ಅವನಿಗೆ ತಂತಿ ಮತ್ತು ನೀರು, ಬಂದವನೇ ತಾರಸಿ ಹತ್ತಿ ಟ್ಯಾಂಕಿನೊಳಗೆ ತಲೆ ಹಾಕಿದ್ದಾನೆ, ಲೇ, ಟ್ಯಾಂಕ್ ಎಷ್ಟು ಚೆನ್ನಾಗಿದೆ ಗೊತ್ತಾ, ಇದರಲ್ಲೇ ಸಂಸಾರ ಮಾಡಬಹುದು ಕಣೇ, ಹಾಗಾದ್ರೆ ನೀವು ಅಲ್ಲೇ ಇದ್ದುಬಿಡಿ, ಊಟ ಹಗ್ಗಕ್ಕೆ ಕಟ್ಟಿ ಕಳಿಸ್ತೀನಿ ಎಂದಳು, ಅವನ ನಗು ಟ್ಯಾಂಕಿನೊಳಗಿಂದ ದೊಡ್ಡದಾಗಿ ಬಂತು, ಬೆಳಿಗ್ಗೆಯೇ ಹೇಳಿಬಿಟ್ಟಿದ್ದಾನೆ, ನೀನು ಹೂಂ ಅಂದ್ರೆ ಹೂಂ, ಊಹೂಂ ಅಂದ್ರೆ ಊಹೂಂ, ವೈರಿಂಗ್ ಮಾತ್ರ ನನ್ನದು.

ಹೂಂ ಅನ್ನಬೇಕು, ಹನ್ನೆರಡರೊಳಗೆ ಅನ್ನಬೇಕು. ಹನ್ನೆರಡಕ್ಕೆ ಕಂಟ್ರಾಕ್ಟರ್ ಬರ್ತಾನೆ ತಾಯಿ ಎಂದು ಮೇಸ್ತ್ರಿ ಬಾಗಿಲಲ್ಲೇ ಹೇಳಿಬಿಟ್ಟ, ಮನೆ ಈ ಮೇಸ್ತ್ರಿಯದು, ಗಿರಣಿಯ ನೂಲಿನ ಶೆಡ್ಡಿನಲ್ಲಿ ಮೇಸ್ತ್ರಿಯಾಗಿದ್ದವನು, ಈಗ ಇದನ್ನು ಮಾರಿ, ತನ್ನ ಅಣ್ಣನ ಊರಿಗೆ ಹೊರಟಿದ್ದಾನೆ, ಅಣ್ಣತಮ್ಮಂದಿರು ಸೇರಿ ಹಾರ್ಡ್‌ವೇರ್ ಅಂಗಡಿ ಇಡುತ್ತಾರಂತೆ. ಈ ಸಾಲಿನಲ್ಲಿ ನಾಲ್ಕು ಮನೆ ಆ ಕಂಟ್ರಾಕ್ಟರೇ ತಗೊಂಡಿದ್ದಾನೆ ತಾಯಿ, ಎಲ್ಲಾ ಒಡೆದು ಗೂಡುಗೂಡು ರೂಮು ಕಟ್ಟಿ ಹೊಸ ಕೆಲಸಗಾರರಿಗೆ ಬಾಡಿಗೆಗೆ ಬಿಡ್ತಾನಂತೆ, ನನಗೆ ಇಲ್ಲೇ ವಾಸ ಇರೋರಿಗೆ ಕೊಡೋ ಆಸೆ, ನೋಡಿ ಈ ಗೋಡೆ, ಆನೆ ಬಂದು ಗುದ್ದಿದ್ರೂ ಆನೆಗೇ ತಲೆನೋವು, ಈ ಬಾಗಿಲು, ಕದ್ದ ಕಳ್ಳನೇ ವಾಪಸ್ ತಂದಿಟ್ಟು ಹೋದ, ಅಷ್ಟು ಭಾರ. ಅವಳಿಗೆ ಒಳಗೊಳಗೇ ನಗು, ಎದುರಾಳಿ ಸಿಕ್ಕಿದ ನಗು, ಇವನು ಎರಡರಿಂದ ಗುಣಿಸುವವನು, ತಾನು ಹತ್ತರಿಂದ, ಪಾಪ, ಇನ್ನೂ ಕಲಿಯಬೇಕು. ತಾನೂ ಗಿರಣಿಯವಳೇ ಎಂದು ಅವಳು ಹೇಳಿಲ್ಲ, ಬೇಕೆಂದೇ ಹೇಳಿಲ್ಲ, ಕೊರಳಲ್ಲಿ ಹೊಸ ಕಂಪನಿಯ ಗುರುತಿನ ಚೀಟಿ ನೇತಾಡುತ್ತಿದೆ, ಅದನ್ನು ನೋಡಿ ಮೇಸ್ತ್ರಿ ಬೇರೆ ಊರಿನ ಆಫೀಸಿನವಳು ಅಂದುಕೊಂಡಿದ್ದಾನೆ, ಅಂದುಕೊಳ್ಳಲಿ, ಹಳಬಳು ಅಂತ ಗೊತ್ತಾದರೆ ಹಳೆಯ ಕಥೆ ಶುರುವಾಗುತ್ತದೆ, ಕಣ್ಣೀರು ಬರುತ್ತದೆ, ಕಣ್ಣೀರು ಬಂದ ಮೇಲೆ ಚೌಕಾಸಿ ಮಾಡುವುದು ಹೇಗೆ. ಮಗ್ಗದ ಶೆಡ್ಡಿನಲ್ಲಿ ಹದಿನಾಲ್ಕು ವರ್ಷ, ಎಂಟನೇ ಸಾಲು, ನೂಲಿನವರದು ಬೇರೆ ಗೇಟು ಬೇರೆ ಪಾಳಿ, ಇವನು ಅವಳ ಮುಖ ಕಂಡಿಲ್ಲ, ಗಿರಣಿಯವರು ಇಟ್ಟ ಅಡ್ಡಹೆಸರು ಕೇಳಿರುತ್ತಾನೆ, ದುರ್ಬೀನು ಅಂದರೆ ಗೊತ್ತಿಲ್ಲದವರು ಯಾರು.

ಹಿತ್ತಲಿಗೆ ಬನ್ನಿ ತಾಯಿ, ನಿಂಬೆಗಿಡ ತೋರಿಸ್ತೀನಿ, ವರ್ಷಕ್ಕೆ ಸಾವಿರ ಕಾಯಿ — ಐನೂರು ಅಂದುಕೊಂಡಳು — ಇದನ್ನ ನೆಟ್ಟಿದ್ದು ನಮ್ಮವಳು, ಎಂದ, ನಮ್ಮವಳು ಅಡುಗೆಮನೆಯಲ್ಲಿದ್ದಾಳೆ, ಬಂದಾಗ ಬಾಗಿಲು ತೆಗೆದು ತಲೆಯಾಡಿಸಿ ಒಳಗೆ ಹೋದವಳು, ಅಡುಗೆಮನೆಯ ಕಿಟಕಿ ಹಿತ್ತಲಿಗೆ, ಗಾಜು ಹಾಕಿದೆ, ಗಾಜಿನ ಹಿಂದೆ ನಲ್ಲಿ ಬಿಟ್ಟುಕೊಂಡು ಪಾತ್ರೆ ತೊಳೆಯುತ್ತಿದ್ದಾಳೆ, ಒಳ್ಳೆ ಬೆಳಕು, ಅಲ್ಲೊಂದು ಕಪಾಟು ಇಟ್ಟರೆ — ತುಟಿ. ಅವಳ ತುಟಿ ಆಡುತ್ತಿದೆ. ಗಿರಣಿಯಲ್ಲಿ ಮುನ್ನೂರು ಮಗ್ಗ ಒಟ್ಟಿಗೆ ಹೊಡೆಯುವಾಗ ಗಂಟಲು ಹರಿದುಕೊಂಡರೂ ಪಕ್ಕದವಳಿಗೆ ಕೇಳುತ್ತಿರಲಿಲ್ಲ, ಅದಕ್ಕೇ ಎಲ್ಲರದೂ ತುಟಿಮಾತು, ಸದ್ದಿಲ್ಲದೆ ತುಟಿ ಆಡಿಸುವುದು, ನೋಡಿ ಓದಿಕೊಳ್ಳುವುದು, ಬೈಗುಳ, ಬಸಿರು, ಅತ್ತೆಯ ಕಾಟ, ಎಲ್ಲ ಹಾಗೇ ಸಾಲಿನಿಂದ ಸಾಲಿಗೆ ಹೋಗುತ್ತಿತ್ತು, ಅದರಲ್ಲಿ ಅವಳಷ್ಟು ದೂರದಿಂದ ಓದುವವರು ಹುಟ್ಟಿಲ್ಲ, ಹತ್ತು ಸಾಲಿನ ಆಚೆ, ಬೆನ್ನು ಹಾಕಿ ನಿಂತವರ ಕೆನ್ನೆ ನೋಡಿಯೇ ಓದುತ್ತಿದ್ದಳು — ಕೆನ್ನೆಯ ವಿಷಯ ಸ್ವಲ್ಪ ಸೇರಿಸಿದ್ದು, ಆದರೆ ಮ್ಯಾನೇಜರನ ಗಾಜಿನ ಕೋಣೆಯದು ಅಪ್ಪಟ ಸತ್ಯ, ಫೋನಿನಲ್ಲಿ ಅವನು ಮುಚ್ಚೋದೇ, ಮುಂದಿನ ವಾರ ಮುಚ್ಚೋದೇ ಅಂದದ್ದನ್ನು ಅವಳು ನೋಟೀಸಿಗಿಂತ ಮೂರು ದಿನ ಮೊದಲು ಓದಿದ್ದಳು, ಓದಿ ಯಾರಿಗೂ ಹೇಳಲಿಲ್ಲ, ಮೂರು ದಿನ ಲಾಳಿ ಓಡಿಸಿದಳು, ಆಮೇಲೆ ನನಗೆ ಮೊದಲೇ ಗೊತ್ತಿತ್ತು ಎಂದು ಊರಿಡೀ ಹೇಳಿಕೊಂಡು ತಿರುಗಿದಳು.

ಬೇಡ ಅನ್ನಲಿ. ಮೇಸ್ತ್ರಿಯ ಹೆಂಡತಿಯ ತುಟಿ ಅನ್ನುತ್ತಿರುವುದು ಅದೇ, ತಪ್ಪಿಲ್ಲ, ಇವಳು ಬೇಡ ಅನ್ನಲಿ, ಎಲ್ಲರೂ ಬೇಡ ಅನ್ನಲಿ, ಬೇಡ ಅನ್ನಲಿ. ಯಾರಿಗೂ ಹೇಳುತ್ತಿಲ್ಲ, ತಟ್ಟೆಗೆ, ನೀರಿಗೆ ಹೇಳುತ್ತಿದ್ದಾಳೆ, ಗಿರಣಿಯ ಹೆಂಗಸರಿಗೆ ಮನಸ್ಸಿನೊಳಗೆ ಯೋಚಿಸಲು ಬರುವುದೇ ಇಲ್ಲ, ಯೋಚನೆ ಬಂದರೆ ತುಟಿಗೆ ಬಂದುಬಿಡುತ್ತದೆ, ಇವಳೂ ಹಾಗಾದರೆ ನೂಲಿನವಳೇ, ಒಂಬತ್ತು ವರ್ಷದಿಂದ ಓದುವವರಿಲ್ಲದೆ ಮೈಮರೆತಿದ್ದಾಳೆ, ಕುತ್ತಿಗೆಯಲ್ಲಿ ಚೀಟಿ ಹಾಕಿಕೊಂಡ ಆಫೀಸಿನವಳಿಗೆ ಏನು ಗೊತ್ತಾಗುತ್ತದೆ ಅಂದುಕೊಂಡಿದ್ದಾಳೆ. ಮೇಸ್ತ್ರಿ, ಅಕ್ಕನಿಗೆ ಮನೆ ಬಿಡೋದು ಒಪ್ಪಿಗೆನಾ, ಕೇಳಿದಳು, ಎಷ್ಟು ಸಾಧಾರಣವಾಗಿ ಕೇಳಬಹುದೋ ಅಷ್ಟು. ಅವಳದೇನು ತಾಯಿ, ನಾನು ಹೊರಟೆ ಅಂದ್ರೆ ಅವಳು ಚೀಲ ಹಿಡ್ಕೊಂಡು ಬಾಗಿಲಲ್ಲಿ, ಏ, ಬಾ ಇಲ್ಲಿ, ಕೇಳ್ತಿದ್ದಾರೆ ನೋಡು. ಬಂದಳು, ಕೈಯಿಂದ ನೊರೆ ಇಳಿಯುತ್ತಿತ್ತು, ನನಗೇನಮ್ಮ ಬೇಜಾರು, ಇವರೆಲ್ಲೋ ನಾನಲ್ಲಿ, ತಗೊಳ್ಳಿ, ಬೆಳಗಿನ ಬಿಸಿಲು ಚೆನ್ನಾಗಿ ಬರುತ್ತೆ, ಒಗೆದ ಬಟ್ಟೆ ಹತ್ತು ಗಂಟೆಗೆಲ್ಲ ಒಣಗಿರುತ್ತೆ, ಎಂದಳು, ದನಿ ಸಪಾಟು, ನಕ್ಕಳು ಕೂಡ, ಒಳಗೆ ಹೋದಳು, ನಲ್ಲಿ ತಿರುಗಿತು, ಬೇಡ ಅನ್ನಲಿ.

ಹೇಳಿಬಿಡಲೇ, ಮೇಸ್ತ್ರಿ, ನಿಮ್ಮ ಹೆಂಡತಿಗೆ ಇಷ್ಟ ಇಲ್ಲ ಅಂತ, ನಿಮಗೆ ಹೇಗೆ ಗೊತ್ತು ಅನ್ನುತ್ತಾನೆ, ನಾನು ದುರ್ಬೀನು ಅನ್ನಬೇಕು, ಆಮೇಲೆ ಗಂಡಹೆಂಡಿರ ಜಗಳ, ಜಗಳದಲ್ಲಿ ಅವಳು ಗೆಲ್ಲುವುದಿಲ್ಲ, ಅವನು ಅವಳನ್ನು ಕೇಳಿಯೇ ಇಲ್ಲ, ಕೇಳಬೇಕೆಂದು ಅವನಿಗೆ ಹೊಳೆದೂ ಇಲ್ಲ. ಬೇಡ ಎಂದು ಹೊರಟುಹೋಗಲೇ, ಹನ್ನೆರಡಕ್ಕೆ ಕಂಟ್ರಾಕ್ಟರ್, ನಾಳಿದ್ದು ಗೋಡೆ ಇಲ್ಲ, ನಿಂಬೆಗಿಡದ ಮೇಲೆ ಜಲ್ಲಿ, ಅವಳು ಹೇಗೂ ಹೋಗುತ್ತಾಳೆ, ನಾವು ಹನ್ನೆರಡನೇ ಬಾಡಿಗೆ ಮನೆಗೆ, ಫೋಟೋ ನೆಲಕ್ಕೆ, ಆದ್ದರಿಂದ ನಾನು ತಗೊಂಡರೇ ಒಳ್ಳೆಯದು, ಅವಳಿಗೂ ಒಳ್ಳೆಯದು, ಗಿಡವಾದರೂ ಉಳಿಯುತ್ತದೆ — ಯೋಚನೆಯನ್ನು ಯಾವ ಮೂಲೆಯಿಂದ ಹೊರಡಿಸಿದರೂ ತಿರುಗಿ ತಿರುಗಿ ಈ ಹಿತ್ತಲಿಗೇ ಬಂದು ಈ ಮನೆಯ ಕೀಲಿಕೈ ಹಿಡಿದು ನಿಲ್ಲುತ್ತದೆ, ಎಂಥ ಅನುಕೂಲದ ಯೋಚನೆ, ಸಾಕಿದ ನಾಯಿಯ ಹಾಗೆ. ಇನ್ನೊಬ್ಬಳು ಬೇಡ ಅನ್ನಲಿ ಎಂದು ಕಾಯುತ್ತಿರುವ ಮನೆಯಲ್ಲಿ ಮೊಳೆ ಹೊಡೆದರೆ ಸದ್ದು ಹೇಗಿರುತ್ತದೆ. ಹೊಡೆಯುತ್ತೀಯ, ಹೊಡೆದೇ ಹೊಡೆಯುತ್ತೀಯ. ಆಯ್ತು ಮೇಸ್ತ್ರಿ, ನೀವು ಹೇಳಿದ ಬೆಲೆಗೇ ತಗೋತೀವಿ, ಎಂದಳು, ಗಂಟೆ ಹನ್ನೊಂದು ಮುಕ್ಕಾಲು. ಮೇಸ್ತ್ರಿ ತಾರಸಿಗೆ ಕೂಗಿದ, ಸ್ವಾಮಿ, ಮನೆ ನಿಮ್ಮದಾಯ್ತು, ಇಳೀರಿ, ಮೇಲಿನಿಂದ ಗಂಡ, ಹೂಂ ಅಂದ್ಲಾ, ಹಾಗಾದ್ರೆ ಇಳೀತೀನಿ, ಟ್ಯಾಂಕಿನ ಮುಚ್ಚಳ ದಡ್ಡನೆ ಬಿತ್ತು.

ಅವಳು ಕಿಟಕಿಯ ಕಡೆ ತಿರುಗಿದಳು, ತಿರುಗಬಾರದಿತ್ತು, ತಿರುಗಿದಳು, ಗಾಜಿನ ಹಿಂದೆ ತುಟಿ ಆಡುವುದು ನಿಂತಿತ್ತು, ಏನಾದರೂ ಹೇಳಬೇಕು, ಮೇಸ್ತ್ರಿಗೆ ಕೇಳದ ಹಾಗೆ ಹೇಳಬೇಕು, ಹದಿನಾಲ್ಕು ವರ್ಷದ ಅಭ್ಯಾಸ ಅವಳನ್ನು ಕೇಳದೆಯೇ ಬಾಯಿಗೆ ಬಂತು, ಸದ್ದಿಲ್ಲದೆ, ಅಗಲವಾಗಿ, ಎಂಟನೇ ಸಾಲಿನ ತುಟಿಮಾತಿನಲ್ಲಿ, ನಾನು ನೋಡ್ಕೋತೀನಿ ಅಕ್ಕ, ಚೆನ್ನಾಗಿ ನೋಡ್ಕೋತೀನಿ — ಮೇಸ್ತ್ರಿಯ ಹೆಂಡತಿ ಓದಿದಳು. ಓದಿದ್ದು ಕಂಡಿತು, ಮೊದಲು ಅವಳ ಕಣ್ಣು ಹೊಸಬಳ ಬಾಯಿಯ ಮೇಲೆ, ಆಮೇಲೆ ಚೀಟಿಯ ಮೇಲೆ, ಆಮೇಲೆ ತಾನು ಇಷ್ಟು ಹೊತ್ತು ಏನೇನು ಅಂದೆ ಎಂದು ಹಿಂದಕ್ಕೆ ಹೋಯಿತು, ಮತ್ತೆ ಅವಳು ನೊರೆಯ ಕೈ ಎತ್ತಿ ಅಂಗೈಯನ್ನು ಬಾಯಿಗೆ ಅಡ್ಡ ಹಿಡಿದಳು. ಗಿರಣಿಯಲ್ಲಿ ಅದಕ್ಕೆ ಒಂದೇ ಅರ್ಥ, ಇದು ನಿನಗಲ್ಲ. ಗಂಡ ಮೆಟ್ಟಿಲಿಳಿದು ಬರುತ್ತಿದ್ದಾನೆ, ತೋಳೆಲ್ಲ ಒದ್ದೆ, ಎಷ್ಟು ಮೊಳೆ ತರಲಿ ಎಂದು ಕೇಳುತ್ತಿದ್ದಾನೆ, ನಲವತ್ತು ಅನ್ನಬೇಕು, ಕಪಾಟು ಅಲ್ಲಿ, ಅಂಗೈ, ಫೋಟೋ ಕಿಟಕಿಯ ಪಕ್ಕ, ಮಗಳಿಗೆ ಆ ಕೋಣೆ, ಅಂಗೈ, ಇಷ್ಟು ಹತ್ತಿರದಿಂದ, ನಾಲ್ಕು ಹೆಜ್ಜೆ, ಅದರ ಹಿಂದೆ ತುಟಿ ಆಡುತ್ತಿದೆಯೋ ಇಲ್ಲವೋ, ಎಷ್ಟು ಲೇ, ಕೇಳಿಸ್ತಾ, ಗಾಜು, ಗಾಜಿನ ಹಿಂದೆ ಅಂಗೈ, ಬೆರಳ ಸಂದಿಯಿಂದ ನೊರೆ ಮಣಿಕಟ್ಟಿಗೆ ಇಳಿಯುತ್ತಿದೆ, ಕೈ ಇಳಿಯುತ್ತಿಲ್ಲ, ಅಂಗೈ