ಬ್ಯಾಟರಿಗೆ ಬಾಯಾರಿಕೆ ಇಲ್ಲ

ಗಿಡಗಳಿಗೆ ನೀರು ಹಾಕಿದ ಮೇಲೆ ಟೆಂಪೊ ಬ್ಯಾಟರಿಗೂ ನೀರು ಹಾಕುವುದು ಆ ಮನೆಯಲ್ಲಿ ಹೆಂಡತಿಯ ಕೆಲಸವಾಗಿಬಿಟ್ಟಿತ್ತು. ಗಂಡ ಆಕ್ಸಿಲರೇಟರ್ ಒತ್ತಿದಷ್ಟೂ ಹೆಡ್‌ಲೈಟ್ ಝಗ್ಗೆನ್ನುತ್ತಿತ್ತು. ಬೀದಿಯವರು ಅವನನ್ನು ಲೈಟಣ್ಣ ಎಂದು ಕರೆದರೆ ಅವನು ಉಬ್ಬಿಹೋಗುತ್ತಿದ್ದ. ಬಲ್ಬುಗಳು ಮೇಲಿಂದ ಮೇಲೆ ಸುಟ್ಟರೆ ಬಲ್ಬು ಮಾಡಿದವರನ್ನು ಬೈದು ಸುಮ್ಮನಾಗುತ್ತಿದ್ದ.

"ರೀ, ಮೊನ್ನೆ ತುಂಬಿಸಿದ್ದೆ, ಮತ್ತೆ ನೀರಿಲ್ಲ. ಕೊಳೆತ ಮೊಟ್ಟೆ ವಾಸನೆ ಬೇರೆ."

"ಬೇಸಿಗೆ ಕಣೇ. ನಮಗೇ ಬಾಯಾರುತ್ತೆ, ಅದಕ್ಕೆ ಬಾಯಾರಲ್ವಾ?"

ಪಕ್ಕದ ಮನೆಯ ಗೆಳೆಯ ಗಾಡಿಗಳ ಎಲೆಕ್ಟ್ರಿಷಿಯನ್. ಮಾತು ಕಿವಿಗೆ ಬಿದ್ದು ಮೀಟರ್ ಹಿಡಿದು ಬಂದ. ಎಂಜಿನ್ ಓಡಿಸಿ ನೋಡಿದವನ ಮುಖ ಸಪ್ಪಗಾಯಿತು.

"ಅಣ್ಣ, ಅದಕ್ಕೆ ಬಾಯಾರಿಲ್ಲ, ಒಳಗೆ ಕುದೀತಿದೆ. ಹನ್ನೆರಡು ವೋಲ್ಟಿನ ಬ್ಯಾಟರಿಗೆ ಹದಿನಾಲ್ಕು, ಹದಿನಾಲ್ಕೂವರೆ ಬಂದ್ರೆ ಸರಿ. ನಿನ್ನದು ಹದಿನೇಳು! ರೆಗ್ಯುಲೇಟರ್ ಹೋಗಿದೆ. ಕರೆಂಟಿಗೆ ಕಡಿವಾಣ ಅದೇ."

"ಜಾಸ್ತಿ ಬಂದ್ರೆ ಒಳ್ಳೇದೇ ಅಲ್ವೇನೋ? ಕಮ್ಮಿಯಾದ್ರೆ ತಾನೇ ಕಷ್ಟ?"

"ಕಮ್ಮಿಯಾದ್ರೆ ಲೈಟು ಮಂಕಾಗುತ್ತೆ, ಬ್ಯಾಟರಿಯ ಕೆಂಪು ದೀಪ ಆರಲ್ಲ, ಗಾಡಿ ನಡುದಾರೀಲಿ ಕೈಕೊಡುತ್ತೆ. ಜಾಸ್ತಿಯಾದ್ರೆ ಬ್ಯಾಟರಿ ಉಬ್ಬಿ ಗ್ಯಾಸ್ ಬಿಡುತ್ತೆ. ಒಂದು ಕಿಡಿ ಸಾಕು ಸಿಡಿಯೋಕೆ. ಒಳಗಿರೋದು ಆಸಿಡ್. ಅತ್ತಿಗೆ ಅದಕ್ಕೇ ಮುಖ ಕೊಟ್ಟು ನಿಲ್ತಾರೆ. ಇವತ್ತೇ ಬದಲಾಯಿಸು."

"ಆಯ್ತಪ್ಪ, ಈ ಬಾಡಿಗೆ ಮುಗಿಸಿ ಬರ್ತೀನಿ."

ಒಂದು ಬಾಡಿಗೆ ಮುಗಿದರೆ ಇನ್ನೊಂದು ಬಂತು. ನಾಳೆ ಎಂದವನ ಮನೆ ಹಾಳು ಎಂದು ದೊಡ್ಡವರು ಸುಮ್ಮನೆ ಹೇಳಿಲ್ಲ.

ಒಂದು ದಿನ ಬೆಳಗಿನ ಸುತ್ತು ಮುಗಿಸಿ ಬಂದು ಗಾಡಿ ನಿಲ್ಲಿಸಿದ. ಅವಳು ಎಂದಿನಂತೆ ಬ್ಯಾಟರಿಯ ಮುಚ್ಚಳ ತೆಗೆದು ಬಗ್ಗಿದಳು. ಇನ್ನೊಂದು ಬಾಡಿಗೆಗೆ ಹೊತ್ತಾಯಿತೆಂದು ಅವನು ಅವಳನ್ನು ಗಮನಿಸದೆ ಕೀಲಿ ತಿರುಗಿಸಿದ. ಸಡಿಲವಾಗಿದ್ದ ತಂತಿಯಲ್ಲಿ ಕಿಡಿ ಹಾರಿತು. ಬ್ಯಾಟರಿ ಢಮ್ಮೆಂದು ಸಿಡಿಯಿತು. ಆಮೇಲೆ ಅವನಿಗೆ ಕೇಳಿಸಿದ್ದು ಅವಳ ಕೂಗೊಂದೇ.

ಗೆಳೆಯ ಓಡಿಬಂದು ಅವಳ ತಲೆಯನ್ನು ನಲ್ಲಿಯ ಕೆಳಗೆ ಹಿಡಿದ. "ಉಜ್ಜಬೇಡಿ ಅತ್ತಿಗೆ! ಕಣ್ಣು ಬಿಡಿ, ನೀರು ಬೀಳ್ತಾನೇ ಇರಲಿ!" ಬಹಳ ಹೊತ್ತು ತೊಳೆದ ಮೇಲೆ ಆಸ್ಪತ್ರೆಗೆ ಹೊತ್ತೊಯ್ದರು. ಆ ನೀರಿನಿಂದ ಒಂದು ಕಣ್ಣು ಉಳಿಯಿತು ಎಂದರು ಡಾಕ್ಟರು. ಇನ್ನೊಂದು ಹೋಯಿತು.

ಹೊಸ ರೆಗ್ಯುಲೇಟರ್ ಅವನ ಅಂಗೈಯೊಳಗೆ ಹಿಡಿಸುವಷ್ಟೇ ಇತ್ತು. ಅದನ್ನು ಹಿಡಿದುಕೊಂಡು ಅವನು ಬಿಕ್ಕಿ ಬಿಕ್ಕಿ ಅತ್ತ.

"ಈಗ ಲೈಟು ಹೇಗಿದೆ ರೀ?" ಕಣ್ಣಿಗೆ ಪಟ್ಟಿ ಕಟ್ಟಿಕೊಂಡಿದ್ದ ಹೆಂಡತಿ ಕೇಳಿದಳು.

"ಹದವಾಗಿದೆ. ಏನು ಪ್ರಯೋಜನ ಹೇಳು?"

"ಬೇರೆಯವರಿಗಾದ್ರೂ ಹೇಳಿ."

ಈಗ ಟೆಂಪೊ ಸ್ಟ್ಯಾಂಡಿನಲ್ಲಿ ಯಾರಾದರೂ ಲೈಟಣ್ಣ ಎಂದರೆ ಅವನು ಮುಖ ತಿರುಗಿಸುತ್ತಾನೆ. ಆದರೆ ಯಾರ ಬಲ್ಬು ಪದೇ ಪದೇ ಸುಟ್ಟರೂ ಕೈಹಿಡಿದು ಗೆಳೆಯನ ಅಂಗಡಿಗೆ ಎಳೆದೊಯ್ಯುತ್ತಾನೆ.

ಗಾಡಿ ಇರುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಲೈಟು ಎಂಜಿನ್ ಜೊತೆ ಏರಿಳಿಯುತ್ತಿದೆಯೇ? ಬ್ಯಾಟರಿ ಪದೇ ಪದೇ ನೀರು ಕೇಳುತ್ತಿದೆಯೇ, ನಾರುತ್ತಿದೆಯೇ? ಎಂಜಿನ್ ಆರಿಸಿ, ದೂರ ನಿಲ್ಲಿ, ಬಲ್ಲವರನ್ನು ಕರೆಸಿ. ಈ ಬಾಡಿಗೆ ಮುಗಿಯಲಿ ಎನ್ನಬೇಡಿ. ಬಾಡಿಗೆ ಮತ್ತೆ ಸಿಗುತ್ತದೆ, ಕಣ್ಣು ಸಿಗುವುದಿಲ್ಲ.